‘ಬ್ಲಾಕೇಜ್ ಕರಗುತ್ತದೆ’ ಎನ್ನುವ ಅಧ್ಯಯನವನ್ನು ಎಷ್ಟರಮಟ್ಟಿಗೆ ನಂಬಬಹುದು?

ತುಂಗಾತೀರ:
ನನ್ನ ತಂದೆಯವರಿಗೆ 68 ವರ್ಷ. ಕಳೆದ ವರ್ಷದ ಆಂಜಿಯೋಗ್ರಾಂನಲ್ಲಿ ಎರಡು ರಕ್ತನಾಳಗಳಲ್ಲಿ ಬ್ಲಾಕೇಜ್ ಕಂಡುಬಂದಿತ್ತು. ಸದ್ಯಕ್ಕೆ ಮಾತ್ರೆಗಳಲ್ಲೇ ನಡೆಯುತ್ತಿದೆ. ಅಮೆರಿಕದ ಡಾ. ಡೀನ್ ಆರ್ನಿಶ್ ಅವರು ಸಸ್ಯಾಹಾರ, ವ್ಯಾಯಾಮ, ಯೋಗ ಮತ್ತು ಗುಂಪಿನ ಒಡನಾಟದಿಂದಲೇ ಶೇ 82ರಷ್ಟು ಹೃದ್ರೋಗಿಗಳ ಬ್ಲಾಕೇಜ್ ಕರಗಿಸಿದ್ದಾರೆ ಎಂಬ ಸಂದೇಶವೊಂದು ನಮ್ಮ ಬಂಧುಗಳ ವಾಟ್ಸಾಪ್ ಗುಂಪಿಗೆ ಬಂದ ಮೇಲೆ, ‘ನಾವು ಹುಟ್ಟಾ ಸಸ್ಯಾಹಾರಿಗಳು, ದಿನಾ ವಾಕಿಂಗ್ ಇದೆ, ಸಂಜೆ ಭಜನಾ ಮಂಡಳಿ ಇದೆ, ಇನ್ನು ಮಾತ್ರೆ ಏಕೆ?’ ಎಂದು ಅವರು ಕೇಳತೊಡಗಿದ್ದಾರೆ. ಇಂತಹ ಅಧ್ಯಯನವನ್ನು ಓದುವಾಗ ಏನನ್ನು ಗಮನಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಅಂಕಿಅಂಶ:
ಶೇ 82 ಎಂಬ ಅಂಕಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 1990ರಲ್ಲಿ ಪ್ರಕಟವಾದ ಮೂಲ ಪ್ರಬಂಧದಲ್ಲಿಯೇ ಇದೆ. ಆದರೆ ಎಷ್ಟು ಜನರಲ್ಲಿ ಶೇ 82 ಎಂಬುದನ್ನು ಸಂದೇಶ ಕಳಿಸಿದವರು ಹೇಳಿಲ್ಲ. ಅಧ್ಯಯನದಲ್ಲಿದ್ದವರೇ 48 ಮಂದಿ. ಅವರಲ್ಲಿ ಜೀವನಶೈಲಿ ಬದಲಿಸಿಕೊಂಡ ಗುಂಪಿನವರು 28, ಮೊದಲ ಮತ್ತು ಎರಡನೆಯ ಆಂಜಿಯೋಗ್ರಾಂಗಳನ್ನು ಹೋಲಿಸಿ ನೋಡಲು ಸಾಧ್ಯವಾದವರು ಇನ್ನೂ ಕಡಿಮೆ. ಅಲ್ಲದೆ ರಕ್ತನಾಳ ಕೂದಲೆಳೆಯಷ್ಟು ಅಗಲವಾಗಿದ್ದರೂ ಆ ವ್ಯಕ್ತಿ ಶೇ 82ರ ಲೆಕ್ಕಕ್ಕೆ ಸೇರುತ್ತಾನೆ. ಸರಾಸರಿಯನ್ನು ನೋಡಿದರೆ, ಒಂದು ವರ್ಷದಲ್ಲಿ ಆ ಗುಂಪಿನವರ ರಕ್ತನಾಳಗಳ ಸಂಕುಚನ ಶೇ 40.0ರಿಂದ 37.8ಕ್ಕೆ ಇಳಿಯಿತು, ಇನ್ನೊಂದು ಗುಂಪಿನಲ್ಲಿ 42.7ರಿಂದ 46.1ಕ್ಕೆ ಏರಿತು. ಇದಕ್ಕೆ ‘ಕರಗಿತು’ ಎಂಬ ಕ್ರಿಯಾಪದ ಸಲ್ಲುತ್ತದೆಯೇ ಎಂಬುದನ್ನು ತಾವೇ ಯೋಚಿಸಿ.

ಹಾಗೆಂದು ಇದು ಕಳಪೆ ಅಧ್ಯಯನವಲ್ಲ. ಆಂಜಿಯೋಗ್ರಾಂ ಅಳೆದವರಿಗೆ ರೋಗಿ ಯಾವ ಗುಂಪಿನವರೆಂದು ತಿಳಿಸಿರಲಿಲ್ಲ, ಐದು ವರ್ಷಗಳ ನಂತರದ ವರದಿಯಲ್ಲಿ (1998) ಎರಡು ಗುಂಪುಗಳ ಅಂತರ ಇನ್ನಷ್ಟು ಹೆಚ್ಚಿತ್ತು. ಆ ಅವಧಿಯಲ್ಲಿ ಹೃದಯ ಸಂಬಂಧಿ ಘಟನೆಗಳು 28 ಮಂದಿಯಲ್ಲಿ 25, ಇನ್ನೊಂದು ಗುಂಪಿನ 20 ಮಂದಿಯಲ್ಲಿ 45. ಈ ಘಟನೆಗಳಲ್ಲಿ ಬಹುಪಾಲು ಆಸ್ಪತ್ರೆಗೆ ದಾಖಲಾದದ್ದು ಮತ್ತು ಆಂಜಿಯೋಪ್ಲಾಸ್ಟಿ. ತಾನು ಯಾವ ಗುಂಪಿನಲ್ಲಿದ್ದೇನೆಂದು ರೋಗಿಗೆ ಗೊತ್ತಿರುವಾಗ ಅಂತಹ ತೀರ್ಮಾನಗಳ ಮೇಲೆ ಆ ತಿಳಿವಳಿಕೆಯ ನೆರಳು ಬೀಳದೆ ಇರದು. ಸಾವುಗಳು ಕ್ರಮವಾಗಿ ಎರಡು ಮತ್ತು ಒಂದು. ಇಷ್ಟು ಸಣ್ಣ ಸಂಖ್ಯೆಯಿಂದ ಆಯಸ್ಸಿನ ಬಗ್ಗೆ ಏನನ್ನೂ ಹೇಳಲಾಗದು. ಆಹಾರ, ವ್ಯಾಯಾಮ, ಯೋಗ, ಧೂಮಪಾನ ತ್ಯಾಗ, ಗುಂಪಿನ ಸಭೆ ಎಲ್ಲವನ್ನೂ ಒಟ್ಟಿಗೇ ಕೊಟ್ಟಿದ್ದರಿಂದ ಫಲ ಯಾವುದರದೆಂದು ಬಿಡಿಸಿ ನೋಡುವುದೂ ಸಾಧ್ಯವಿಲ್ಲ.

ನಿವೃತ್ತ ಶುಶ್ರೂಷಕಿ:
ತಮ್ಮ ತಂದೆಯವರು ಹೇಳುವ ಸಸ್ಯಾಹಾರ ಆ ಅಧ್ಯಯನದ ಸಸ್ಯಾಹಾರವಲ್ಲ. ಅಲ್ಲಿ ಕೊಬ್ಬಿನಿಂದ ಬರುವ ಶಕ್ತಿ ಒಟ್ಟಿನ ಶೇ 10ರಷ್ಟು ಮಾತ್ರ. ತುಪ್ಪ, ಒಗ್ಗರಣೆಯ ಎಣ್ಣೆ, ತೆಂಗಿನಕಾಯಿ ಯಾವುದಕ್ಕೂ ಜಾಗವಿಲ್ಲ, ಕಾಫಿಯೂ ಇಲ್ಲ. (ಮಲೆನಾಡಿನ ಅಡುಗೆಮನೆಯಲ್ಲಿ ಇದನ್ನು ಒಂದು ವಾರ ನಡೆಸಿ ತೋರಿಸಿದವರನ್ನು ನಾನು ಸನ್ಮಾನಿಸಲು ಸಿದ್ಧ.) ಗುಂಪಿನ ಸಭೆ ವಾರಕ್ಕೆ ಎರಡು ಬಾರಿ, ಪ್ರತಿ ಸಲ ನಾಲ್ಕು ಗಂಟೆ. ಆ ಅಧ್ಯಯನ ಶುರುವಾದಾಗ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳು ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ. 1994ರ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ 4,444 ಹೃದ್ರೋಗಿಗಳ ಪೈಕಿ ಸಿಮ್ವಾಸ್ಟಾಟಿನ್ ಎಂಬ ಸ್ಟಾಟಿನ್ ಪಡೆದವರಲ್ಲಿ ಸಾವು ಸುಮಾರು ಶೇ 30ರಷ್ಟು ಕಡಿಮೆಯಿತ್ತು. ಹೀಗಾಗಿ ಮಾತ್ರೆಯೋ ಪಥ್ಯವೋ ಎಂಬ ಪ್ರಶ್ನೆಗೆ ಆರ್ನಿಶ್ ಅಧ್ಯಯನದಲ್ಲಿ ಉತ್ತರ ಹುಡುಕಬೇಡಿ. ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಲು ಬಿಡಬೇಡಿ.

ಹಳೆಯ ಓದುಗ:
ಭಜನಾ ಮಂಡಳಿಯ ವಿಷಯಕ್ಕೆ ಎರಡು ಮಾತು. ಹರಡಿರುವ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರ ಮೇಲೆ ನಡೆದ 1989ರ ಅಧ್ಯಯನದಲ್ಲಿ, ಪರಸ್ಪರ ಬೆಂಬಲದ ಗುಂಪಿಗೆ ಸೇರಿದವರು ಸರಾಸರಿ 36.6 ತಿಂಗಳು, ಸೇರದವರು 18.9 ತಿಂಗಳು ಬದುಕಿದ್ದರು. ಈ ಫಲಿತಾಂಶ ವರ್ಷಾನುಗಟ್ಟಲೆ ಭಾಷಣಗಳಲ್ಲಿ ಓಡಾಡಿತು. 2001ರಲ್ಲಿ 235 ಮಹಿಳೆಯರೊಂದಿಗೆ ಮತ್ತೆ ಪರೀಕ್ಷಿಸಿದಾಗ ಸಿಕ್ಕಿದ್ದು 17.9 ತಿಂಗಳು ಮತ್ತು 17.6 ತಿಂಗಳು! ನೋವು ಮತ್ತು ಮನಸ್ಸಿನ ಸಂಕಟ ಮಾತ್ರ ಕಡಿಮೆಯಾಗಿತ್ತು. ಹೃದಯಾಘಾತವಾದ 2,481 ಮಂದಿಯ 2003ರ ಅಧ್ಯಯನದಲ್ಲಿಯೂ ಖಿನ್ನತೆ ಮತ್ತು ಒಂಟಿತನಕ್ಕೆ ನೀಡಿದ ಆಪ್ತಸಲಹೆಯಿಂದ ಮನಸ್ಸು ಸ್ವಲ್ಪ ಸುಧಾರಿಸಿತೇ ಹೊರತು ಸಾವು ಅಥವಾ ಮರು ಆಘಾತ ತಗ್ಗಲಿಲ್ಲ.

ಇನ್ನು, ಒಳ್ಳೆಯ ಒಡನಾಟ ಇರುವವರು ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚು ಎಂದು 148 ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಪ್ರಬಂಧ ಹೇಳುತ್ತದೆ. ಅದು ಜನರನ್ನು ಅವರಿದ್ದಂತೆಯೇ ಗಮನಿಸಿದ ಲೆಕ್ಕ. ಮಂಡಿ ಹಿಡಿದವರು, ಏದುಸಿರು ಬಿಡುವವರು ಮದುವೆಮನೆಗೆ ಹೋಗುವುದನ್ನು ತಾವಾಗಿಯೇ ಬಿಡುತ್ತಾರೆ. ಒಂಟಿತನದಿಂದ ಕಾಯಿಲೆಯೋ, ಕಾಯಿಲೆಯಿಂದ ಒಂಟಿತನವೋ ಎಂಬುದು ಅಂತಹ ಲೆಕ್ಕದಲ್ಲಿ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ತಂದೆಯವರು ಭಜನೆಗೆ ಖಂಡಿತ ಹೋಗಲಿ, ಅದನ್ನು ಮಾತ್ರೆಯ ಲೆಕ್ಕಕ್ಕೆ ಹಾಕುವುದು ಬೇಡ.

ತುಂಗಾತೀರ:
ಎಲ್ಲರಿಗೂ ಧನ್ಯವಾದಗಳು. ಎರಡು ಗುಂಪುಗಳ ಸಾವಿನ ಸಂಖ್ಯೆ ಓದಿದ ಮೇಲೆ ತಂದೆಯವರು ಮಾತ್ರೆಯ ಮಾತನ್ನು ಬಿಟ್ಟಿದ್ದಾರೆ. ಕಾಫಿಯ ವಿಷಯವನ್ನು ನಾನು ಹೇಳಲು ಹೋಗಲಿಲ್ಲ. ನನಗೂ ಸಕ್ಕರೆ ಅಂಚಿನಲ್ಲಿದೆ ಎಂದು ಪರೀಕ್ಷೆಯಲ್ಲಿ ಬಂದಿದೆ. ನಮ್ಮವರ ಮೇಲೆಯೇ ನಡೆದ ಅಧ್ಯಯನ ಯಾವುದಾದರೂ ಇದೆಯೇ?

ಅಂಕಿಅಂಶ:
ಇದೆ. ಚೆನ್ನೈನ ತಂಡವೊಂದು ತಮ್ಮಂತೆಯೇ ಅಂಚಿನಲ್ಲಿದ್ದ 531 ಭಾರತೀಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡು 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂರು ವರ್ಷಗಳಲ್ಲಿ ಮಧುಮೇಹಕ್ಕೆ ತಿರುಗಿದವರು ಸಾಮಾನ್ಯ ಸಲಹೆಯ ಗುಂಪಿನಲ್ಲಿ ಶೇ 55.0, ಆಹಾರ ಮತ್ತು ನಡಿಗೆಯನ್ನು ಬದಲಿಸಿಕೊಂಡ ಗುಂಪಿನಲ್ಲಿ ಶೇ 39.3. ಪತ್ರಿಕೆಗಳು ಇದನ್ನು ‘ಶೇ 28ರಷ್ಟು ಇಳಿಕೆ’ ಎಂದು ಬರೆಯಬಹುದು. ನೂರು ಮಂದಿಯಲ್ಲಿ ಸುಮಾರು 16 ಮಂದಿ ತಪ್ಪಿಸಿಕೊಂಡರು, ಬದಲಿಸಿಕೊಂಡೂ 39 ಮಂದಿ ಮಧುಮೇಹಿಗಳಾದರು ಎಂದು ಓದಿದರೆ ಚಿತ್ರ ಸರಿಯಾಗಿ ಕಾಣುತ್ತದೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಇಳಿಸುವ ಮಾತ್ರೆಯ ಗುಂಪಿನಲ್ಲೂ ಫಲ ಹೆಚ್ಚುಕಡಿಮೆ ಅಷ್ಟೇ ಇತ್ತು, ಎರಡನ್ನೂ ಸೇರಿಸಿ ಕೊಟ್ಟಾಗ ಹೆಚ್ಚಿನ ಲಾಭವೇನೂ ಸಿಗಲಿಲ್ಲ.