ಕೋವಿಡ್ ಲಸಿಕೆಯ ಮೂರನೆಯ ಡೋಸ್ ವಿಷಯ: ಮನೆಯವರೆಲ್ಲರಿಗೂ ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ಮೊನ್ನೆ ಕಾರವಾರದಿಂದ ತಂಗಿ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೇನೆ. "ಅಕ್ಕಾ, ಕೋವಿಡ್ ಬಂದುಹೋಗಿ ವರ್ಷ ಕಳೆದರೂ ನಿನ್ನ ಸುಸ್ತು ಬಿಟ್ಟಿಲ್ಲ, ಇಂಥದ್ದರಲ್ಲಿ ಮೂರನೆಯ ಡೋಸ್ ಬೇರೆ ಹಾಕಿಸಿಕೊಳ್ಳುತ್ತೀಯಂತೆ, ಈಗಿರುವ ಶಕ್ತಿಯೂ ಹೋದರೆ ಏನು ಮಾಡುತ್ತೀ" ಎಂದು ಅವಳು ಕೇಳಿದ್ದಾಳೆ. ಅದರ ಕೆಳಗೆ ಯಲ್ಲಾಪುರದ ಮಾವ, ನನ್ನ ಸುಸ್ತಿಗೆ ಲಸಿಕೆಯೇ ಕಾರಣವೆಂದು ಬರೆದಿದ್ದಾರೆ. ಕುಮಟೆಯ ಅತ್ತಿಗೆ ತಮ್ಮ ಮಗನಿಗೂ ಹಾಕಿಸಬೇಕೋ ಬೇಡವೋ ಎಂದು ವಿಚಾರಿಸಿದ್ದಾರೆ. ಸರ್ಕಾರಿ ಕೇಂದ್ರಗಳಲ್ಲಿ 18ರಿಂದ 59 ವರ್ಷದವರಿಗೆ ಮುಂಜಾಗ್ರತಾ ಡೋಸನ್ನು, ಅಂದರೆ ಈ ಮೂರನೆಯ ಡೋಸನ್ನು, ಉಚಿತವಾಗಿ ಕೊಡುವ 75 ದಿನಗಳ ಅವಧಿ 2022ರ ಜುಲೈ 15ಕ್ಕೆ ಆರಂಭವಾದದ್ದು ಇದೇ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ನಮ್ಮೂರಿನ ಆಶಾ ಕಾರ್ಯಕರ್ತೆಯೂ ಮನೆಗೆ ಬಂದು ನೆನಪಿಸಿ ಹೋಗಿದ್ದಾರೆ. ಹೀಗಾಗಿ ಉತ್ತರವನ್ನು ಇನ್ನು ಮುಂದೂಡುವಂತಿಲ್ಲ. ಹೆಚ್ಚು ಹೊತ್ತು ಮಾತನಾಡಿದರೆ ನನಗೆ ಉಸಿರು ಸಾಲುವುದಿಲ್ಲ, ಹೇಳಬೇಕಾದದ್ದು ನಡುವೆಯೇ ಮರೆತುಹೋಗುತ್ತದೆ. ಆದ್ದರಿಂದ ಮೊದಲು ಬರೆದಿಟ್ಟುಕೊಂಡು, ಅದನ್ನೇ ನಿಧಾನವಾಗಿ ಓದಿ ಕಳುಹಿಸುತ್ತಿದ್ದೇನೆ. ಉದ್ದವಾಯಿತೆಂದು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಕೇಳಿ.

ಮಾವನ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಪ್ರಶ್ನೆ. ನನಗೆ ಸೋಂಕು ತಗುಲಿದ್ದು 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಲಾಕ್‌ಡೌನ್ ಇದ್ದಾಗ. 45 ದಾಟದವರಿಗೆ ಲಸಿಕೆ ಸಿಗುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ನಾನು ಒಂದು ಡೋಸನ್ನೂ ಪಡೆದಿರಲಿಲ್ಲ. ಜ್ವರ ಇಳಿದ ಮೇಲೂ ಸುಸ್ತು ಉಳಿಯಿತು. ಜುಲೈನಲ್ಲಿ ಆನ್‌ಲೈನ್ ತರಗತಿಯಲ್ಲಿ ವ್ಯಾಕರಣ ಹೇಳಿಕೊಡುತ್ತಿರುವಾಗ, ಬಾಯಿಗೆ ಬಂದ ವಾಕ್ಯ ಅರ್ಧಕ್ಕೆ ನಿಂತು, ಮುಂದೇನು ಎಂಬುದು ತಿಳಿಯದೆ ಮಕ್ಕಳ ಮುಂದೆ ಸುಮ್ಮನೆ ಕುಳಿತದ್ದು ಒಂದೆರಡು ಸಲವಲ್ಲ. ಸೋಂಕಿನಿಂದ ಚೇತರಿಸಿಕೊಂಡ ಮೇಲೆ ಮೂರು ತಿಂಗಳು ಕಾಯಬೇಕೆಂಬ ನಿಯಮವಿದ್ದುದರಿಂದ ಮೊದಲ ಕೋವಿಶೀಲ್ಡ್ ಸೆಪ್ಟೆಂಬರ್‌ನಲ್ಲಿ ಆಯಿತು, ಎರಡನೆಯದು ಡಿಸೆಂಬರ್‌ನಲ್ಲಿ. ಅಂದರೆ ಕಾಯಿಲೆ ಮನೆಮಾಡಿ ತಿಂಗಳುಗಳು ಕಳೆದ ಮೇಲೆ ಲಸಿಕೆ ಬಂದಿದೆ. ಸೋಂಕು ತಗುಲಿದ ಮೂರು ತಿಂಗಳ ಹೊತ್ತಿಗೆ ಇದ್ದು, ಎರಡು ತಿಂಗಳಾದರೂ ಮುಂದುವರಿದು, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸಲಾಗದ ಇಂಥ ಲಕ್ಷಣಗಳನ್ನೇ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿ ಎಂದು ನಿರೂಪಿಸಿತು. ಜನ ಅದನ್ನು ಲಾಂಗ್ ಕೋವಿಡ್ ಎನ್ನುತ್ತಾರೆ. ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲವೂ ಆಗಿವೆ. ರಕ್ತಹೀನತೆ ಸ್ವಲ್ಪ ಇತ್ತು, ಮಾತ್ರೆ ತೆಗೆದುಕೊಂಡು ಅದು ಸರಿಹೋದ ಮೇಲೂ ಸುಸ್ತು ಹಾಗೆಯೇ ಇದೆ.

ಈ ಸುಸ್ತು ಎಂಥದ್ದೆಂದು ದೂರದಲ್ಲಿರುವವರಿಗೆ ತಿಳಿಯುವುದಿಲ್ಲ, ತಿಳಿಯದೆ ನನ್ನ ತೀರ್ಮಾನವೂ ಅರ್ಥವಾಗುವುದಿಲ್ಲ. ಕಳೆದ ತಿಂಗಳು ಚೌತಿಗೆ ಮೊದಲು ನಮ್ಮ ಕೇರಿಯಲ್ಲಿ, ಎಲ್ಲರೂ ಒಟ್ಟಾಗಿ ಕುಳಿತು ಚಕ್ಕುಲಿ ಮಾಡುವ ಚಕ್ಕುಲಿ ಕಂಬಳ ನಡೆಯಿತು. ನಾನೂ ಹೋಗಿ ಜಗಲಿಯಲ್ಲಿ ಎಲ್ಲರ ಜೊತೆ ಕುಳಿತು, ಹಿಟ್ಟನ್ನು ಬೆರಳ ತುದಿಯಲ್ಲಿ ಹೊಸೆಯುತ್ತ ಬಟ್ಟೆಯ ಮೇಲೆ ಸುತ್ತು ಸುತ್ತಾಗಿ ಚಕ್ಕುಲಿ ಸುತ್ತಿದೆ. ಅಂದು ಏನೂ ಆಗಲಿಲ್ಲ. ಮರುದಿನವೂ ಗೆಲುವಾಗಿಯೇ ಇದ್ದೆ. ಮೂರನೆಯ ದಿನ ಬೆಳಿಗ್ಗೆ ಏಳಲು ಹೋದರೆ ತಲೆ ಎತ್ತಲಾಗಲಿಲ್ಲ. ಹಲ್ಲುಜ್ಜಿ ಬಂದು ಮಲಗಿದವಳು ಹಬ್ಬದ ದಿನ ದೇವರಿಗೆ ಕೈಮುಗಿಯಲು ಮಾತ್ರ ಎದ್ದೆ. ಶ್ರಮದ ಪೆಟ್ಟು ಒಂದೆರಡು ದಿನ ತಡವಾಗಿ ಬರುವುದು, ಬಂದರೆ ವಾರಗಟ್ಟಲೆ ಬಿಡದಿರುವುದು ಈ ಕಾಯಿಲೆಯ ಲಕ್ಷಣ. ನಾಡಿಯ ಕತೆಯೂ ಅಷ್ಟೇ: ಮಲಗಿದ್ದಾಗ ಆಕ್ಸಿಮೀಟರ್‌ನಲ್ಲಿ 74 ಇದ್ದದ್ದು, ಎದ್ದು ನಿಂತು ಐದಾರು ನಿಮಿಷದಲ್ಲಿ 110 ದಾಟುತ್ತದೆ. ನಿಂತ ಹತ್ತು ನಿಮಿಷದೊಳಗೆ ನಾಡಿ 30ಕ್ಕಿಂತ ಹೆಚ್ಚು ಏರಿದರೆ ವೈದ್ಯರು ಅದನ್ನು ಗಣನೆಗೆ ತೆಗೆದುಕೊಳ್ಳುತ್ತಾರೆ. ಉಪ್ಪು ನೀರು ಹೆಚ್ಚು ಕುಡಿಯುವುದು, ಕೆಲಸವನ್ನು ತುಂಡು ತುಂಡಾಗಿ ಮಾಡುವುದು, ದಣಿವಾಗುವ ಮೊದಲೇ ನಿಲ್ಲಿಸುವುದು, ಸದ್ಯಕ್ಕೆ ನನಗಿರುವ ಚಿಕಿತ್ಸೆ ಇಷ್ಟೇ. ಇಂಥ ದೇಹಕ್ಕೆ ಎರಡು ದಿನದ ಲಸಿಕೆ ಜ್ವರವೂ ಸಣ್ಣ ವಿಷಯವಲ್ಲ ಎಂಬ ತಂಗಿಯ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಇನ್ನೊಂದು ಕಡೆಯ ಮಾತೂ ಬಂದಿದೆ. ಬೆಂಗಳೂರಿನ ತಮ್ಮ, ಲಸಿಕೆ ಹಾಕಿಸಿಕೊಂಡರೆ ಲಾಂಗ್ ಕೋವಿಡ್ಡೇ ವಾಸಿಯಾಗುತ್ತದೆ ಎಂದು ಎಲ್ಲೋ ಓದಿ ಹೇಳಿದ್ದಾನೆ. ಆ ಆಸೆಯಿಂದ ನಾನು ಹೋಗುತ್ತಿಲ್ಲ. ಬ್ರಿಟನ್ನಿನಲ್ಲಿ ಲಸಿಕೆಗೆ ಮೊದಲೇ ಸೋಂಕಾಗಿದ್ದ 18ರಿಂದ 69 ವರ್ಷದ 28,000ಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು ಕಳೆದ ಮೇ ತಿಂಗಳಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ಮೊದಲ ಡೋಸಿನ ನಂತರ ಲಾಂಗ್ ಕೋವಿಡ್ ಲಕ್ಷಣಗಳಿರುವ ಸಂಭವ ಸುಮಾರು 13 ಶೇಕಡ, ಎರಡನೆಯದರ ನಂತರ ಇನ್ನೂ ಸುಮಾರು 9 ಶೇಕಡ ಕಡಿಮೆಯಾದದ್ದು ಅದರಲ್ಲಿ ಕಂಡುಬಂದಿದೆ. ಇದು ಸಮಾಧಾನದ ಸುದ್ದಿ ನಿಜ, ಆದರೆ ಹೀಗೆ ಗಮನಿಸಿ ಲೆಕ್ಕ ಹಾಕಿದ ಅಧ್ಯಯನದಿಂದ ಲಸಿಕೆಯೇ ಕಾರಣವೆಂದು ಖಂಡಿತವಾಗಿ ಹೇಳಲು ಬರುವುದಿಲ್ಲ. ಮೂರನೆಯ ಡೋಸಿನ ಬಗ್ಗೆಯಂತೂ ಅದು ಏನನ್ನೂ ಹೇಳುವುದಿಲ್ಲ. ಕೆಲವರಿಗೆ ಸ್ವಲ್ಪ ಹಗುರವಾಯಿತು, ಕೆಲವರಿಗೆ ಹೆಚ್ಚಾಯಿತು, ಬಹಳ ಜನರಿಗೆ ಏನೂ ವ್ಯತ್ಯಾಸವಾಗಲಿಲ್ಲ ಎಂಬುದೇ ಒಟ್ಟಾರೆ ಕೇಳಿಬರುವ ಮಾತು. ಲಸಿಕೆ ಈ ಕಾಯಿಲೆಗೆ ಔಷಧವೆಂದು ನಂಬಿ ಹೋದರೆ, ವಾಸಿಯಾಗದಿದ್ದಾಗ ಲಸಿಕೆಯ ಮೇಲೂ ಸಿಟ್ಟು, ನಮ್ಮ ಮೇಲೂ ಸಿಟ್ಟು ಬರುತ್ತದೆ.

ಹಾಗಾದರೆ ಯಾಕೆ ಹಾಕಿಸಿಕೊಳ್ಳುತ್ತೇನೆ? ಮತ್ತೊಂದು ಸಲ ಸೋಂಕು ಬಂದರೆ ಅದು ನನ್ನನ್ನು ಎಷ್ಟು ಕೆಳಗೆ ತಳ್ಳುತ್ತದೆ ಎಂಬುದನ್ನು ಒಮ್ಮೆ ಕಂಡಿದ್ದೇನೆ. ಜನವರಿಯಲ್ಲಿ ಓಮಿಕ್ರಾನ್ ನಮ್ಮ ಮನೆಗೂ ಬಂತು. ಓರಗಿತ್ತಿ ವಾರದಲ್ಲಿ ಎದ್ದು ತೋಟಕ್ಕೆ ಹೋದಳು. ಎಲ್ಲರೂ ಅದನ್ನು ಬರೀ ನೆಗಡಿ ಎಂದರು. ನನಗೂ ಜ್ವರ ಹೆಚ್ಚೇನೂ ಬರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಶಾಲೆಯ ಮೆಟ್ಟಿಲು ಹತ್ತಿ ಎರಡು ತರಗತಿ ಮಾಡುವಷ್ಟಾಗಿದ್ದವಳು, ಅದಾದ ಮೇಲೆ ಮಳೆಗಾಲ ಹಿಡಿಯುವವರೆಗೂ ಕುರ್ಚಿಯ ಮೇಲೆ ಕುಳಿತೇ ಪಾಠ ಮಾಡಿದೆ, ಎಷ್ಟೋ ದಿನ ರಜೆ ಹಾಕಿದೆ. ಲಸಿಕೆಯಿಂದ ಆದ ಹಿನ್ನಡೆಯೂ ನನಗೆ ಗೊತ್ತಿದೆ. ಮೊದಲ ಡೋಸಿಗೆ ಎರಡು ದಿನ ಜ್ವರ ಬಂದು, ಸುಸ್ತು ಕೆಲವು ವಾರ ಏರಿ, ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯಿತು. ಎರಡನೆಯದಕ್ಕೆ ತೋಳು ನೋವು ಬಿಟ್ಟರೆ ಹೇಳಿಕೊಳ್ಳುವಂಥದ್ದು ಆಗಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸೋಂಕಿನ ಭಯವೇ ಹೆಚ್ಚು. ಲಸಿಕೆ ಹಾಕಿಸಿಕೊಂಡರೂ ಓಮಿಕ್ರಾನ್ ಬರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಕಾಯಿಲೆ ಉಲ್ಬಣವಾಗಿ ಆಸ್ಪತ್ರೆ ಸೇರುವ ಸಂಭವವನ್ನು ಅದು ತಗ್ಗಿಸುತ್ತದೆ. ಹಿಂದಿನ ಡೋಸಿನ ಬಲ ತಿಂಗಳು ಕಳೆದಂತೆ ಕುಂದುವುದರಿಂದಲೇ ಸರ್ಕಾರ ಎರಡನೆಯ ಮತ್ತು ಮೂರನೆಯ ಡೋಸಿನ ನಡುವಿನ ಅಂತರವನ್ನು ಜುಲೈನಲ್ಲಿ ಒಂಬತ್ತು ತಿಂಗಳಿಂದ ಆರಕ್ಕೆ ಇಳಿಸಿದೆ.

ಇದರ ಜೊತೆಗೆ ನಾವು ಎಲ್ಲಿದ್ದೇವೆ ಎಂಬುದನ್ನೂ ಯೋಚಿಸಬೇಕು. ಬೆಂಗಳೂರಿನಲ್ಲಿರುವವನು ರಾತ್ರಿ ಉಸಿರು ಕಟ್ಟಿದರೆ ಅರ್ಧ ಗಂಟೆಯಲ್ಲಿ ದೊಡ್ಡ ಆಸ್ಪತ್ರೆ ಸೇರಬಹುದು. ನಮಗೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್ ಆಸುಪಾಸು. ಮಣಿಪಾಲಕ್ಕೆ ಹೋಗುವುದಾದರೆ ದೇವಿಮನೆ ಘಟ್ಟ ಇಳಿದು, ಕುಮಟೆ, ಹೊನ್ನಾವರ, ಭಟ್ಕಳ ದಾಟಬೇಕು. ಕಾರವಾರದವರು ಗೋವಾದ ಕಡೆ ನೋಡುತ್ತಾರೆ. ಕಳೆದ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ಜೀವಗಳು ಹೋದದ್ದನ್ನು ನಾವೆಲ್ಲ ಆ ವಿಡಿಯೊದಲ್ಲಿ ನೋಡಿದ್ದೇವೆ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಆಮೇಲೆ ಎದ್ದ ಕೂಗಿಗೆ ನಮ್ಮ ಮನೆಯ ಮಕ್ಕಳೂ ದನಿಗೂಡಿಸಿದ್ದಾರೆ. ಆ ಆಸ್ಪತ್ರೆ ಬರುವವರೆಗೆ, ಆಸ್ಪತ್ರೆಯ ಅಗತ್ಯವೇ ಬೀಳದಂತೆ ನೋಡಿಕೊಳ್ಳುವುದಕ್ಕೆ ಉತ್ತರ ಕನ್ನಡದವರು ಉಳಿದವರಿಗಿಂತ ಹೆಚ್ಚು ಬೆಲೆ ಕೊಡಬೇಕೆಂದು ನನ್ನ ಅಭಿಪ್ರಾಯ.

ಲಸಿಕೆಯಿಂದಲೇ ಕೋವಿಡ್ ಬರುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ ಎಂದು ಗುಂಪಿನಲ್ಲಿ ಬಂದ ಫಾರ್ವರ್ಡ್‌ಗಳ ಬಗ್ಗೆ ಎರಡೇ ಮಾತು. ಕೋವಿಶೀಲ್ಡ್‌ನಲ್ಲಿ ಕೊರೊನಾ ವೈರಸ್ ಇಲ್ಲ. ದೇಹದಲ್ಲಿ ವೃದ್ಧಿಯಾಗದಂತೆ ಮಾಡಿದ ಬೇರೊಂದು ವೈರಸ್ಸು ಕೊರೊನಾದ ಒಂದು ಪ್ರೋಟೀನಿನ ಮಾಹಿತಿಯನ್ನು ಹೊತ್ತು ತರುತ್ತದೆ. ಕೊವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್. ಎರಡರಿಂದಲೂ ಕೋವಿಡ್ ಬರುವುದಿಲ್ಲ. ರಕ್ತ ಹೆಪ್ಪುಗಟ್ಟುವ ಮಾತು ಮಾತ್ರ ಸುಳ್ಳಲ್ಲ: ಕೋವಿಶೀಲ್ಡ್ ಮಾದರಿಯ ಲಸಿಕೆಯ ನಂತರ, ಪ್ಲೇಟ್‌ಲೆಟ್ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬಹಳ ಅಪರೂಪವಾಗಿ, ಅದೂ ಹೆಚ್ಚಾಗಿ ಮೊದಲ ಡೋಸಿನ ನಂತರದ ವಾರಗಳಲ್ಲಿ ಕಂಡುಬಂದಿದೆ. ಮೊದಲ ಎರಡು ಡೋಸ್ ನನಗೆ ಹಾಗೆ ಏನನ್ನೂ ಮಾಡಿಲ್ಲ. ಆದರೂ ಡೋಸಿನ ನಂತರದ ವಾರಗಳಲ್ಲಿ ಬಿಡದ ತಲೆನೋವು, ಕಾಲಿನ ಊತ, ಎದೆ ಅಥವಾ ಹೊಟ್ಟೆಯ ತೀವ್ರ ನೋವು, ಚರ್ಮದಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ. ನೀವೂ ಇದನ್ನು ನೆನಪಿಡಿ.

ನನ್ನ ವೈದ್ಯರ ಜೊತೆ ಕುಳಿತು ನಿರ್ಧರಿಸಿದ್ದು ಹೀಗಿದೆ. ಚಕ್ಕುಲಿ ಕಂಬಳದ ನಂತರದ ವಾರದಂಥ ವಾರದಲ್ಲಿ ಡೋಸ್ ಬೇಡವೇ ಬೇಡ. ಕನಿಷ್ಠ ಎರಡು ವಾರ ದೇಹ ಒಂದೇ ಮಟ್ಟದಲ್ಲಿರಬೇಕು. ಈಗ ಆ ಮಟ್ಟಕ್ಕೆ ಬರುತ್ತಿದ್ದೇನೆ. ತಿಂಗಳ ಕೊನೆಯ ವಾರದಲ್ಲಿ ಹಾಕಿಸಿಕೊಂಡರೆ ಬೆನ್ನಿಗೇ ದಸರಾ ರಜೆ ಸಿಗುತ್ತದೆ, ತಡವಾಗಿ ಬರುವ ಸುಸ್ತಿಗೆ ಜಾಗವಿರುತ್ತದೆ. ಕೊನೆಯ ದಿನದ ನೂಕುನುಗ್ಗಲಿನಲ್ಲಿ ನಿಲ್ಲುವ ಶಕ್ತಿ ನನಗಿಲ್ಲವಾದ್ದರಿಂದ, ದಾಸ್ತಾನು ಇರುವುದನ್ನೂ ಜನ ಕಡಿಮೆ ಇರುವ ಹೊತ್ತನ್ನೂ ಮೊದಲೇ ಫೋನಿನಲ್ಲಿ ಕೇಳಿಕೊಂಡು, ಇವರ ಜೊತೆ ಕಾರಿನಲ್ಲಿ ಹೋಗುತ್ತೇನೆ. ಕೋರ್ಬೆವ್ಯಾಕ್ಸ್ ಎಂಬ ಬೇರೊಂದು ಲಸಿಕೆಯನ್ನು ಮೂರನೆಯ ಡೋಸಾಗಿ ಕೊಡಲು ಕಳೆದ ತಿಂಗಳು ಅನುಮತಿ ಸಿಕ್ಕಿದೆ, ಆದರೆ ಎರಡು ಸಲ ಹೇಗೆ ವರ್ತಿಸಿತೆಂದು ಗೊತ್ತಿರುವ ಕೋವಿಶೀಲ್ಡೇ ನನಗೆ ಸಾಕು. ಲಸಿಕೆಗೆ ಮುಂಚೆಯೇ ಪ್ಯಾರಾಸಿಟಮಾಲ್ ನುಂಗುವುದಿಲ್ಲ, ಜ್ವರ ಬಂದರೆ ಆಗ ತೆಗೆದುಕೊಳ್ಳುತ್ತೇನೆ. ಆಮೇಲಿನ ಒಂದು ವಾರ, ಚೆನ್ನಾಗಿದ್ದೇನೆ ಅನಿಸಿದರೂ, ಅಡುಗೆಮನೆಗೆ ಕಾಲಿಡುವುದಿಲ್ಲ. ಚೆನ್ನಾಗಿದೆ ಅನಿಸುವ ಆ ಎರಡನೆಯ ದಿನದಲ್ಲೇ ನಮ್ಮಂಥವರು ಬೀಳುವುದು.

ಅತ್ತಿಗೆ, ನಿಮ್ಮ ಮಗನಿಗೆ ಇದೇ ಉತ್ತರವನ್ನು ನಾನು ಕೊಡಲಾರೆ. ಅವನಿಗೆ 22 ವರ್ಷ. ಜನವರಿಯ ಸೋಂಕಿನ ನಂತರ ಎದೆ ಡವಗುಟ್ಟುವುದು, ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುವುದು ಇನ್ನೂ ನಿಂತಿಲ್ಲ ಎನ್ನುತ್ತೀರಿ, ಆದರೆ ಇದುವರೆಗೆ ಒಂದು ಇಸಿಜಿಯೂ ಆಗಿಲ್ಲ. ಸೆಪ್ಟೆಂಬರ್ 30ರ ಗಡುವಿಗಾಗಿ ಅವನನ್ನು ಅವಸರಪಡಿಸಬೇಡಿ. ಕೋವಿಡ್ ಹೃದಯದ ಸ್ನಾಯುವಿಗೂ ಉರಿಯೂತ ತರಬಲ್ಲದು. ಮೊದಲು ವೈದ್ಯರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡಲಿ, ಇಸಿಜಿ ಆಗಲಿ, ಅವರು ಹೇಳಿದರೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಲಿ. ಅವನು ಬರೆದುಕೊಂಡು ಹೋಗಬೇಕಾದದ್ದು ಇಷ್ಟು: ಸೋಂಕು ಬಂದ ತಿಂಗಳು, ಎರಡು ಡೋಸಿನ ದಿನಾಂಕ, ಪ್ರತಿ ಡೋಸಿನ ನಂತರ ಏನಾಯಿತು, ಮಲಗಿದಾಗ ಮತ್ತು ನಿಂತಾಗ ನಾಡಿ ಎಷ್ಟು. ಆ ಚೀಟಿ ಕೈಯಲ್ಲಿದ್ದರೆ ವೈದ್ಯರಿಗೆ ಸ್ಪಷ್ಟವಾಗಿ ಹೇಳಲು ಬರುತ್ತದೆ. ಉಚಿತ ಅವಧಿ ಮುಗಿದರೆ ಖಾಸಗಿಯಲ್ಲಿ ಹಣ ಕೊಟ್ಟು ಹಾಕಿಸಬಹುದು, ಆ ಖರ್ಚು ನನ್ನದಿರಲಿ. ವೈದ್ಯರು ಸದ್ಯಕ್ಕೆ ಬೇಡವೆಂದರೆ ಬೇಡ, ಅದಕ್ಕಾಗಿ ಅವನನ್ನು ಯಾರೂ ಈ ಗುಂಪಿನಲ್ಲಿ ಹಂಗಿಸಬಾರದು. ನೀವು ಬಯಸಿದರೆ ಅವನ ಜೊತೆ ನಾನೇ ಫೋನಿನಲ್ಲಿ ಮಾತನಾಡುತ್ತೇನೆ. ಇದು ಸೋಮಾರಿತನವಲ್ಲ ಎಂದು ಅವನಿಗೆ ಹೇಳುವವರು ಒಬ್ಬರಾದರೂ ಬೇಕು.

ತಂಗೀ, ನವರಾತ್ರಿಗೆ ನಾನು ಕಾರವಾರಕ್ಕೆ ಬರುವುದಿಲ್ಲ, ನೀವೂ ಈ ಸಲ ಶಿರಸಿಗೆ ಬರಬೇಡಿ. ಮನೆಗೆ ಜನ ಬಂದರೆ ನಾನು ಮಲಗಿರಲಾರೆ ಎಂಬುದು ನಿನಗೆ ಗೊತ್ತು. ಅಪ್ಪನ ಪಕ್ಷದ ಅಡುಗೆಗೆ ಓರಗಿತ್ತಿಯ ಜೊತೆ ಇನ್ನೊಬ್ಬರು ಬೇಕು, ಆ ದಿನ ನೀನು ಬೆಳಗಿನ ಬಸ್ಸಿಗೆ ಬಂದು ಸಂಜೆ ಹೊರಟರೆ ದೊಡ್ಡ ಉಪಕಾರ. ಡೋಸ್ ಆದ ದಿನ ಇವರು ಗುಂಪಿನಲ್ಲಿ ತಿಳಿಸುತ್ತಾರೆ. ಆಮೇಲಿನ ವಾರ ನನಗೆ ಫೋನ್ ಮಾಡದೆ, ಕೇಳಬೇಕಾದದ್ದನ್ನು ಬರೆದು ಹಾಕಿ; ಎದ್ದು ಕುಳಿತಾಗ ಓದಿ ಉತ್ತರಿಸುತ್ತೇನೆ.