ಮನೆಯಲ್ಲಿ ಮಾಡಿದ ಸೋಪಿನಲ್ಲಿ ಬಣ್ಣ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸೋಪು ತಯಾರಿಕೆಯನ್ನು ಈಗಷ್ಟೇ ಕಲಿಯುತ್ತಿದ್ದೇನೆ. 250 ಗ್ರಾಂ ಕೊಬ್ಬರಿ ಎಣ್ಣೆ, 200 ಗ್ರಾಂ ಕಡಲೆಕಾಯಿ ಎಣ್ಣೆ ಮತ್ತು 50 ಗ್ರಾಂ ಹರಳೆಣ್ಣೆಯನ್ನು ಬೆರೆಸಿ, 150 ಗ್ರಾಂ ನೀರಿನಲ್ಲಿ ಕರಗಿಸಿದ 75 ಗ್ರಾಂ ಕಾಸ್ಟಿಕ್ ಸೋಡಾವನ್ನು ಅದಕ್ಕೆ ಸೇರಿಸಿದೆ. ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ ಎರಡು ಪಾಲು ಮಾಡಿ, ಒಂದಕ್ಕೆ ಬೀಟ್‌ರೂಟ್ ರಸವನ್ನೂ ಇನ್ನೊಂದಕ್ಕೆ ಅರಿಸಿನವನ್ನೂ ಹಾಕಿದೆ. ಬೆಳಿಗ್ಗೆ ನೋಡಿದರೆ ಬೀಟ್‌ರೂಟಿನ ಪಾಲು ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಅರಿಸಿನದ ಪಾಲು ಇಟ್ಟಿಗೆಯಂತೆ ಕೆಂಪಾಗಿತ್ತು. ಕತ್ತರಿಸಿದಾಗ ಪ್ರತಿ ತುಂಡಿನ ನಡುವೆ ದುಂಡನೆಯ ಕಡುಬಣ್ಣದ ಗುರುತೂ ಕಾಣಿಸಿತು. ಕಾಸ್ಟಿಕ್ ಸೋಡಾ ಹೆಚ್ಚಾಗಿರಬಹುದೇ?

ಉತ್ತರ 1

ನಿಮ್ಮ ಅಳತೆ ಸರಿಯಾಗಿಯೇ ಇದೆ. ಈ ಮೂರು ಎಣ್ಣೆಗಳು ಪೂರ್ತಿ ಸೋಪಾಗಲು ಸುಮಾರು 79 ಗ್ರಾಂ ಕಾಸ್ಟಿಕ್ ಸೋಡಾ ಬೇಕಾಗುವುದರಿಂದ, 75 ಗ್ರಾಂ ಹಾಕಿದಾಗ ಸ್ವಲ್ಪ ಎಣ್ಣೆ ಹಾಗೆಯೇ ಉಳಿದು ಚರ್ಮಕ್ಕೆ ಹಿತವಾಗಿರುತ್ತದೆ. ಎಣ್ಣೆ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಕೊಬ್ಬರಿ ಎಣ್ಣೆ ಬೇಡುವಷ್ಟು ಕಾಸ್ಟಿಕ್ ಸೋಡಾವನ್ನು ಹರಳೆಣ್ಣೆ ಬೇಡುವುದಿಲ್ಲ.

ಬಣ್ಣ ಕೆಟ್ಟಿದ್ದಕ್ಕೆ ಕಾರಣ ಕಾಸ್ಟಿಕ್ ಸೋಡಾದ ಕ್ಷಾರ. ಆರತಿಗೆಂದು ಅರಿಸಿನದ ನೀರಿಗೆ ಸುಣ್ಣ ಸೇರಿಸಿದೊಡನೆ ಓಕುಳಿ ಕೆಂಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮ ಪಾತ್ರೆಯಲ್ಲಿ ನಡೆದದ್ದೂ ಅದೇ. ಬೀಟ್‌ರೂಟ್, ದಾಸವಾಳ, ಶಂಖಪುಷ್ಪದಂತಹವುಗಳ ಬಣ್ಣ ಅಷ್ಟು ಕ್ಷಾರವನ್ನು ತಾಳಲಾರದೆ ಕಂದಾಗುತ್ತದೆ ಅಥವಾ ಬೂದಿಬಣ್ಣಕ್ಕೆ ಇಳಿಯುತ್ತದೆ. ಎಷ್ಟು ಹೆಚ್ಚು ರಸ ಹಾಕಿದರೂ ಅಷ್ಟೇ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಮಂಜಿಷ್ಠದ ಪುಡಿಯಿಂದ ಗುಲಾಬಿ ಬಣ್ಣ ಬರುತ್ತದೆ, ರತನ್‌ಜೋತ್ ಬೇರಿನಿಂದ ನೇರಳೆ ಬರುತ್ತದೆ. ನೀಲಿಗೆ ಇಂಡಿಗೊ ಆಗಬಹುದು, ಆದರೆ ಕೂದಲಿಗೆ ಹಚ್ಚುವ ಎಲೆಯ ಪುಡಿಯಲ್ಲ, ಎಲೆಯಿಂದ ತೆಗೆದ ಬಣ್ಣವೇ ಬೇಕು. ಮಂಜಿಷ್ಠವನ್ನೂ ರತನ್‌ಜೋತನ್ನೂ ನೀರಿನಲ್ಲಿ ಕುದಿಸದೆ, ನಿಮ್ಮ ಅಳತೆಯ ಕಡಲೆಕಾಯಿ ಎಣ್ಣೆಯಲ್ಲಿಯೇ ಎರಡು ಮೂರು ವಾರ ನೆನೆಹಾಕಿ, ತೆಳುಬಟ್ಟೆಯಲ್ಲಿ ಸೋಸಿ ಬಳಸಿ. ರತನ್‌ಜೋತಿನ ಎಣ್ಣೆ ಶೀಶೆಯಲ್ಲಿ ಕೆಂಪಾಗಿ ಕಂಡರೆ ಗಾಬರಿಯಾಗಬೇಡಿ, ಕ್ಷಾರ ತಗುಲಿದ ಮೇಲೆಯೇ ಅದು ನೇರಳೆಗೆ ತಿರುಗುವುದು.

ಉತ್ತರ 2

ನಡುವಿನ ದುಂಡು ಗುರುತಿನ ಬಗ್ಗೆ ಹೇಳುವುದಾದರೆ, ಎಣ್ಣೆ ಸೋಪಾಗುವಾಗ ಶಾಖ ಹುಟ್ಟುತ್ತದೆ. ಅಚ್ಚಿನ ಅಂಚು ಬೇಗ ಆರುತ್ತದೆ, ನಡುಭಾಗ ಬಿಸಿಯಾಗಿಯೇ ಉಳಿದು ಸ್ವಲ್ಪ ಹೊತ್ತು ಅಂಟಿನಂತೆ ಅರೆಪಾರದರ್ಶಕವಾಗುತ್ತದೆ, ಆ ಭಾಗದ ಬಣ್ಣವೂ ಗಾಢವಾಗುತ್ತದೆ. ಇದರಿಂದ ಸೋಪಿನ ಗುಣಕ್ಕೆ ಕುಂದಿಲ್ಲ. ನನ್ನ ಮೊದಲ ನಾಲ್ಕೈದು ಸೋಪುಗಳೂ ಹೀಗೆಯೇ ಆಗಿದ್ದವು. ಅಚ್ಚಿಗೆ ಹಳೆಯ ಕಂಬಳಿಯನ್ನು ಸುತ್ತಿ ಇಡೀ ಸೋಪು ಒಂದೇ ಸಮನಾಗಿ ಬಿಸಿಯಾಗಲು ಬಿಡಿ, ಇಲ್ಲವೇ ಇಡ್ಲಿಯಷ್ಟು ಚಿಕ್ಕ ಸಿಲಿಕೋನ್ ಅಚ್ಚುಗಳಲ್ಲಿ ಹುಯ್ಯಿರಿ. ಇಡ್ಲಿ ತಟ್ಟೆಯನ್ನೇ ಬಳಸಬೇಡಿ. ಅದು ಅಲ್ಯೂಮಿನಿಯಮ್ಮಿನದಾಗಿದ್ದರೆ ಕಾಸ್ಟಿಕ್ ಸೋಡಾ ಅದನ್ನು ತಿನ್ನುತ್ತದೆ, ಹೈಡ್ರೋಜನ್ ಅನಿಲವೂ ಹೊಮ್ಮುತ್ತದೆ.

ಇನ್ನೊಂದು ಮಾತು, ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರನ್ನು ಸುರಿಯಬಾರದು. ಕೈಗವಸು ಮತ್ತು ಕನ್ನಡಕವಿಲ್ಲದೆ ಆ ಡಬ್ಬಿಯನ್ನು ತೆರೆಯಲೇಬೇಡಿ.

ಉತ್ತರ 3

ಗಾಢ ಬಣ್ಣವೇ ಬೇಕಿದ್ದರೆ ಸೌಂದರ್ಯವರ್ಧಕಗಳಿಗೆಂದೇ ತಯಾರಿಸಿದ ಐರನ್ ಆಕ್ಸೈಡ್ ಮತ್ತು ಅಲ್ಟ್ರಾಮರೀನ್ ಪುಡಿಗಳನ್ನು ಕೊಳ್ಳಿ, ಅವು ಕ್ಷಾರಕ್ಕೆ ಅಲುಗುವುದಿಲ್ಲ. ಅರ್ಧ ಕಿಲೋ ಎಣ್ಣೆಗೆ ಒಂದು ಟೀ ಚಮಚ ಧಾರಾಳವಾಗಿ ಸಾಕು, ಹೆಚ್ಚಾದರೆ ನೊರೆಗೂ ಬಣ್ಣ ಬರುತ್ತದೆ. ಪುಡಿಯನ್ನು ಮೊದಲು ಸ್ವಲ್ಪ ಎಣ್ಣೆಯಲ್ಲಿ ಗಂಟಿಲ್ಲದಂತೆ ಕಲಸಿಕೊಳ್ಳಬೇಕು. ಅಡುಗೆ ಬಣ್ಣ, ರಂಗೋಲಿ ಪುಡಿ ಎರಡೂ ಬೇಡ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಮಂಜಿಷ್ಠವನ್ನು ಇಂದೇ ಎಣ್ಣೆಯಲ್ಲಿ ನೆನೆಹಾಕಿದ್ದೇನೆ. ಇಟ್ಟಿಗೆ ಬಣ್ಣದ ಸೋಪುಗಳನ್ನು ಕಿಟಕಿಯ ಬಳಿ ಒಣಗಲು ಇಟ್ಟಿದ್ದೇನೆ, ಯಾವಾಗ ಬಳಸಬಹುದು?

ಉತ್ತರ 1

ನಾಲ್ಕರಿಂದ ಆರು ವಾರ ಬಿಡಿ, ನೀರು ಆರಿ ಸೋಪು ಗಟ್ಟಿಯಾಗಲಿ. ಆದರೆ ಕಿಟಕಿಯಿಂದ ತೆಗೆದು ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. ಅರಿಸಿನದ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ.