ವಾಸ್‌ವ್ಯೂವರ್ ನಕ್ಷೆಯಲ್ಲಿ ನಮ್ಮ ಗೈಡ್ ಮೂರು ಜನ ಆಗಿದ್ದಾರೆ, ಅರ್ಜೆಂಟ್

ಕತ್ರಿಗುಪ್ಪೆ_ಸ್ಕಾಲರ್
ನಮಸ್ಕಾರ ಎಲ್ರಿಗೂ. ನಮ್ಮ ಗೈಡ್ ಇಷ್ಟು ವರ್ಷ ಯಾರ್ಯಾರ ಜೊತೆ ಪೇಪರ್ ಬರೆದಿದ್ದಾರೆ ಅಂತ ವಾಸ್‌ವ್ಯೂವರ್ ಅನ್ನೋ ಪ್ರೋಗ್ರಾಂನಲ್ಲಿ ಸಹ-ಲೇಖಕರ ನಕ್ಷೆ ಮಾಡ್ತಿದ್ದೀನಿ: ಒಬ್ಬ ಲೇಖಕರಿಗೆ ಒಂದು ಚುಕ್ಕಿ, ಜೊತೆಗೆ ಬರೆದಿದ್ರೆ ಮಧ್ಯೆ ಗೆರೆ. ಸೋಮವಾರ ವಿಭಾಗದಲ್ಲಿ ತೋರಿಸ್ಬೇಕು. ನಿಜ ಹೆಸರು ಬೇಡ, ಕೆ.ಟಿ. ರಂಗಪ್ಪ ಅಂತ ಇಟ್ಕೊಳ್ಳಿ. ಇರೋದು ಒಬ್ಬರೇ, ನಕ್ಷೇಲಿ ಮೂರು ಚುಕ್ಕಿ ಬರ್ತಿದೆ: ‘ರಂಗಪ್ಪ ಕೆ.ಟಿ.’, ‘ಕೆ.ಟಿ. ಆರ್.’, ‘ರಂಗಪ್ಪ ಕೆ.’. ಮೂರನೇದು ಯಾರ ಜೊತೆಗೂ ಸೇರದೆ ಮೂಲೇಲಿ ಕೂತಿತ್ತು. ಇವತ್ತು ಮತ್ತೆ ರನ್ ಮಾಡಿದ್ರೆ ಅದು ಮಾಯ. ಸೆಟ್ಟಿಂಗ್ ಎಲ್ಲ ಸರಿಯಾಗಿದೆ. ಸಾಲದ್ದಕ್ಕೆ ಅವರ ಎಚ್-ಇಂಡೆಕ್ಸ್ (ಪೇಪರ್‌ಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನೋದರ ಅಳತೆ) ಗೂಗಲ್ ಸ್ಕಾಲರ್‌ನಲ್ಲಿ ಒಂದು ಥರ, ಸ್ಕೋಪಸ್ ಡೇಟಾಬೇಸ್‌ನಲ್ಲಿ ಅದರ ಅರ್ಧ. ಯಾವುದು ಸರಿ? ಯಾರಾದ್ರೂ ಬೇಗ ಹೇಳಿ.

ಯುನಿಕೋಡ್_ಉಮೇಶ
ಎಕ್ಸೆಲ್‌ನಲ್ಲಿ ತೆಗೆದು ಸೇವ್ ಮಾಡಿದ್ರಾ? ಹಾಗಾದ್ರೆ ಮುಗೀತು, ಯುಟಿಎಫ್-8, ಅಂದ್ರೆ ಅಕ್ಷರಗಳನ್ನು ಫೈಲಲ್ಲಿ ಬರೆಯೋ ಎನ್‌ಕೋಡಿಂಗ್, ಹಾಳಾಗಿರುತ್ತೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆಗೆದು ಎನ್‌ಕೋಡಿಂಗ್ ಬದಲಾಯಿಸಿ.

ಕತ್ರಿಗುಪ್ಪೆ_ಸ್ಕಾಲರ್
ಎಕ್ಸೆಲ್ ಅಲ್ಲ ಸಾರ್, ಲಿಬ್ರೆಆಫೀಸ್.

ಯುನಿಕೋಡ್_ಉಮೇಶ
ಅದೂ ಅಷ್ಟೇ. ಸೇವ್ ಮಾಡುವಾಗ ಏನು ಆರಿಸಿದ್ರಿ ನೋಡಿ. ಬಿಒಎಂ (ಫೈಲ್ ಶುರುವಲ್ಲಿ ಎನ್‌ಕೋಡಿಂಗ್ ಹೇಳೋ ಗುರುತು) ಇದ್ಯಾ ಇಲ್ವಾ ಅಂತಲೂ ನೋಡಿ.

ಗ್ರಂಥಪಾಲಕಿ
ಉಮೇಶ್ ಅವರೇ, ಎನ್‌ಕೋಡಿಂಗ್ ಕೆಟ್ಟರೆ ಅಕ್ಷರ ಚಿತ್ರವಿಚಿತ್ರವಾಗಿ ಕಾಣುತ್ತೆ. ‘ಕೆ.ಟಿ. ಆರ್.’ ಅಂತ ಹೆಸರು ತಲೆಕೆಳಗಾಗಲ್ಲ. ಇದು ನಮ್ಮ ಕಡೆಯ ಹಳೇ ಕಾಯಿಲೆ. ನಮ್ಮಲ್ಲಿ ಇನಿಷಿಯಲ್ ಅಂದ್ರೆ ಊರು, ತಂದೆ ಹೆಸರು, ಕೆಲವರಿಗೆ ಎರಡೂ. ಮನೆತನದ ಹೆಸರಿಲ್ಲ. ಜರ್ನಲ್ ಫಾರಂನಲ್ಲಿ ‘ಲಾಸ್ಟ್ ನೇಮ್’ ಖಾಲಿ ಬಿಟ್ರೆ ಮುಂದೆ ಹೋಗಲ್ಲ, ಅದಕ್ಕೆ ಯಾರೋ ಅಲ್ಲಿ ‘ಕೆ.ಟಿ.’ ಅಂತ ತುಂಬಿರ್ತಾರೆ. ಆಮೇಲೆ ‘ಕೆ.ಟಿ.’ ಮನೆತನ ಆಯ್ತು, ರಂಗಪ್ಪ ಬರೀ ‘ಆರ್.’ ಆದ್ರು.

ಈಗ ಪ್ರಶ್ನೆ: ಡೇಟಾ ಎಲ್ಲಿಂದ ಇಳಿಸಿದ್ರಿ? ಅದನ್ನೇ ಹೇಳಿಲ್ಲ ನೀವು.

ಕತ್ರಿಗುಪ್ಪೆ_ಸ್ಕಾಲರ್
ಮಾಮೂಲಿ ಥರ ಮೇಡಂ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎರಡೂ ಡೇಟಾಬೇಸ್‌ನಿಂದ ಇಳಿಸಿ, ಒಂದೇ ಶೀಟಲ್ಲಿ ಒಂದರ ಕೆಳಗೆ ಒಂದು ಪೇಸ್ಟ್ ಮಾಡಿದೆ. ಕಾಲಂ ಹೆಸರು ಸ್ಕೋಪಸ್‌ದು ಇಟ್ಕೊಂಡೆ. ಎರಡೂ ಸೇರಿಸು ಅಂತ ಗೈಡೇ ಹೇಳಿದ್ದು.

ಗ್ರಂಥಪಾಲಕಿ
ಇದು ‘ಮಾಮೂಲಿ’ ಅಲ್ಲಪ್ಪ!

ಕಣಭೌತ
ಮೂಲೆ ಚುಕ್ಕಿ ಮಾಯ ಆಗಿದ್ದು ಬೇರೆ ಕಾರಣಕ್ಕೆ. ಕೊನೆಗೆ ಒಂದು ಡಬ್ಬಿ ಬರುತ್ತೆ: ಕೆಲವು ಒಂದಕ್ಕೊಂದು ಸೇರಿಲ್ಲ, ಸೇರಿರುವ ದೊಡ್ಡ ಗುಂಪನ್ನಷ್ಟೇ ತೋರಿಸ್ಲಾ ಅಂತ. ಅಲ್ಲಿ ‘ಯೆಸ್’ ಒತ್ತಿದ್ರೆ ಒಂಟಿ ಚುಕ್ಕಿಗಳೆಲ್ಲ ಹೋಗುತ್ತವೆ. ಇನ್ನೊಂದು, ಲೇಖಕರಿಗೆ ಕನಿಷ್ಠ ಎಷ್ಟು ಪೇಪರ್ ಇರಬೇಕು ಅಂತ ಕೇಳುತ್ತಲ್ಲ, ಅದು ಹೇಗಿದ್ಯೋ ಹಾಗೇ ಬಿಟ್ರೆ 5. ನಾಲ್ಕೇ ಪೇಪರ್ ಇರುವ ‘ರಂಗಪ್ಪ’ ಅಲ್ಲೇ ಉದುರಿಹೋಗ್ತಾರೆ.

ಲೇಖಕರ ಸಂಖ್ಯೆಗೂ ಒಂದು ಮಿತಿ ಇದೆ, 25. ಅದಕ್ಕಿಂತ ಜಾಸ್ತಿ ಜನ ಬರೆದ ಪೇಪರ್ ಬಿಟ್ಟುಬಿಡು ಅನ್ನೋ ಟಿಕ್. ನಮ್ಮ ಕಣ ಭೌತಶಾಸ್ತ್ರಕ್ಕೆ ಅದಿಲ್ಲದೆ ಆಗಲ್ಲ. 2015ರಲ್ಲಿ ಅಟ್ಲಾಸ್ ಮತ್ತು ಸಿಎಂಎಸ್ ಅನ್ನೋ ಎರಡು ಪ್ರಯೋಗ ತಂಡಗಳು ಸೇರಿ ಹಿಗ್ಸ್ ಕಣದ ದ್ರವ್ಯರಾಶಿ ಬಗ್ಗೆ ಬರೆದ ಪೇಪರ್‌ಗೆ 5,154 ಲೇಖಕರು. ಪುಟ 33, ಅದರಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ.

ಎಸ್ಪಿರೋಡ್_ರಾಜ
5,154 ಜನ ಹಾಕಿದ್ರೆ ನಿಮ್ಮ ಲ್ಯಾಪ್‌ಟಾಪ್ ಹೊಗೆ ಬಿಡುತ್ತೆ ಗುರು 😂 ಇದು ಜಾವಾ ಪ್ರೋಗ್ರಾಂ, ಮೆಮೊರಿ ಜಾಸ್ತಿ ಕೊಡಬೇಕು. ಕಮಾಂಡ್ ಲೈನ್‌ನಿಂದ ಎಕ್ಸ್‌ಎಂಎಕ್ಸ್ (ಮೆಮೊರಿ ಮಿತಿ ಹೇಳೋ ಆಯ್ಕೆ) ಹಾಕಿ ಜಾರ್ ಫೈಲ್ ಓಡಿಸಿ. ನಂದು ಎಸ್.ಪಿ. ರೋಡಲ್ಲಿ ಕೂತು ಕಟ್ಟಿಸಿದ್ದು, 64 ಜಿಬಿ, ಎರಡು ಮಾನಿಟರ್, ಒಂದು ಅಡ್ಡ ಒಂದು ಉದ್ದ. ಉದ್ದದ್ದು ಲೇಖಕರ ಪಟ್ಟಿಗೇ ಮೀಸಲು.

ಹಳೇಪ್ರತಿ
64 ಜಿಬಿ ಯಾತಕ್ಕೆ ಮಾರಾಯ? ಒಬ್ಬ ಪ್ರೊಫೆಸರ್ ಪೇಪರ್‌ಗಳಿಗೆ ನನ್ನ ಹಳೇ 4 ಜಿಬಿ ಸಾಕು.

ಎಸ್ಪಿರೋಡ್_ರಾಜ
ಓಪನ್‌ಅಲೆಕ್ಸ್ ಅನ್ನೋ ಉಚಿತ ಡೇಟಾಬೇಸ್‌ನ ಡೇಟಾ ಪೂರ್ತಿ ಇಳಿಸ್ಕೊಂಡು ನೋಡಿ, ಆಮೇಲೆ ಮಾತಾಡಿ.

ಯುನಿಕೋಡ್_ಉಮೇಶ
ಲಿಬ್ರೆಆಫೀಸ್ ಸೇವ್ ಮಾಡುವಾಗ ಯಾವ ಎನ್‌ಕೋಡಿಂಗ್ ಅಂತ ಇನ್ನೂ ಉತ್ತರ ಬಂದಿಲ್ಲ.

ಗ್ರಂಥಪಾಲಕಿ
ಸ್ಕಾಲರ್, ಹೀಗೆ ಮಾಡಿ. ಮೊದಲು ಎರಡು ಮೂಲ ಸೇರಿಸಿದ ಶೀಟ್ ಬಿಡಿ. ಲೇಖಕರ ಹೆಸರನ್ನು ವೆಬ್ ಆಫ್ ಸೈನ್ಸ್ ಬರೆಯೋ ರೀತಿ ಬೇರೆ, ಸ್ಕೋಪಸ್ ರೀತಿ ಬೇರೆ: ಒಂದರಲ್ಲಿ ಅಲ್ಪವಿರಾಮ ಹಾಕಿ ಇನಿಷಿಯಲ್ ಚುಕ್ಕಿಯಿಲ್ಲದೆ, ಇನ್ನೊಂದರಲ್ಲಿ ಚುಕ್ಕಿ ಸಮೇತ. ಅದೂ ಅಲ್ಲದೆ ಒಂದೇ ಪೇಪರ್ ಎರಡು ಸಲ ಬಂದಿರುತ್ತೆ. ಈಗ ನಿಮ್ಮ ನಕ್ಷೇಲಿ ದಪ್ಪ ಕಾಣೋ ಗೆರೆಗಳಲ್ಲಿ ಅರ್ಧ ಸುಳ್ಳು. ಸೇರಿಸಲೇಬೇಕು ಅಂತಿದ್ರೆ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬಿಬ್ಲಿಯೊಮೆಟ್ರಿಕ್ಸ್ ಅನ್ನೋ ಪ್ಯಾಕೇಜ್ ಇದೆ, ಎರಡನ್ನೂ ಒಂದೇ ಅಚ್ಚಿಗೆ ತಂದು ನಕಲು ತೆಗೆಯುತ್ತೆ. ಡಿಒಐ (ಪ್ರತಿ ಪೇಪರ್‌ನ ಗುರುತು ಸಂಖ್ಯೆ) ನೀವೇ ಹೋಲಿಸೋದಾದ್ರೆ ಮೊದಲು ಎಲ್ಲ ಚಿಕ್ಕ ಅಕ್ಷರ ಮಾಡ್ಕೊಳ್ಳಿ. ಡಿಒಐಗೆ ದೊಡ್ಡಕ್ಷರ ಚಿಕ್ಕಕ್ಷರ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಸೋಮವಾರಕ್ಕೆ ಸ್ಕೋಪಸ್ ಒಂದೇ ಸಾಕು ಅಂತ ನನ್ನ ಸಲಹೆ.

ಆಮೇಲೆ ಥಿಸಾರಸ್ ಫೈಲ್, ಒಂದೇ ಹೆಸರಿನ ಬೇರೆ ಬೇರೆ ರೂಪ ಒಂದು ಮಾಡೋಕೆ. ಬರೀ ಟೆಕ್ಸ್ಟ್ ಫೈಲ್, ಎರಡು ಕಾಲಂ. ತಲೆಬರಹ ‘ಲೇಬಲ್’ ಮತ್ತು ‘ರಿಪ್ಲೇಸ್ ಬೈ’, ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಎಡಕ್ಕೆ ತಪ್ಪು ರೂಪ, ಬಲಕ್ಕೆ ಸರಿ ರೂಪ. ಹೆಸರನ್ನು ನೆನಪಿಂದ ಟೈಪ್ ಮಾಡಬೇಡಿ. ಲೇಖಕರನ್ನು ಆರಿಸೋ ಕೊನೇ ಪರದೇಲಿ ರೈಟ್ ಕ್ಲಿಕ್ ಮಾಡಿದ್ರೆ ಪಟ್ಟಿ ಎಕ್ಸ್‌ಪೋರ್ಟ್ ಆಗುತ್ತೆ, ಅಲ್ಲಿಂದ ಕಾಪಿ ಮಾಡಿ. ಒಂದು ಚುಕ್ಕಿ ಆಚೀಚೆ ಆದ್ರೂ ಕೆಲಸ ಮಾಡಲ್ಲ.

ಕತ್ರಿಗುಪ್ಪೆ_ಸ್ಕಾಲರ್
ಮಾಡಿದೆ ಮೇಡಂ, ಏನೂ ಬದಲಾಗ್ಲಿಲ್ಲ. ಸಿಎಸ್‌ವಿ ಅಂತ ಸೇವ್ ಮಾಡಿದ್ದು.

ಕಣಭೌತ
ಸಿಎಸ್‌ವಿ ಬೇಡ, ಅದರಲ್ಲಿ ಕಾಲಂ ಬೇರೆ ಮಾಡೋದೇ ಅಲ್ಪವಿರಾಮ. ಹೆಸರೊಳಗೇ ಅಲ್ಪವಿರಾಮ ಇರಬಹುದು, ಅದಕ್ಕೇ ಕಾಲಂಗಳ ಮಧ್ಯೆ ಟ್ಯಾಬ್ ಇರಬೇಕು.

ಯುನಿಕೋಡ್_ಉಮೇಶ
ಫೈಲ್ ಸೇವ್ ಮಾಡೋದ್ರಲ್ಲೇ ತೊಂದ್ರೆ ಅಂತ ನಾನು ಮೊದಲೇ ಹೇಳಿದ್ದೆ. ದಾಖಲೆಗೆ ಇರಲಿ.

ಕಣಭೌತ
ನೀವು ಹೇಳಿದ್ದು ಎನ್‌ಕೋಡಿಂಗ್.

ಯುನಿಕೋಡ್_ಉಮೇಶ
ಎರಡೂ ಒಂದೇ ಜಾತಿ ಸಮಸ್ಯೆ.

ಹಳೇಪ್ರತಿ
ಮಧ್ಯದಲ್ಲಿ ಬಾಯಿ ಹಾಕ್ತೀನಿ, ಕ್ಷಮಿಸಿ. ನಾನು ಕನ್ನಡ ವಿಭಾಗದವನು. ನಿಮ್ಮ ಗೈಡ್ ಮೂರು ಜನ ಆದ್ರೆ ಅದು ಭಾಗ್ಯ, ನಾನು ಸೊನ್ನೆ ಜನ. ಬರೆದದ್ದೆಲ್ಲ ಕನ್ನಡದಲ್ಲಿ, ಸ್ಕೋಪಸ್‌ನಲ್ಲಿ ಒಂದೂ ಇಲ್ಲ. ಮೊದಲು ಯುಜಿಸಿ-ಕೇರ್ ಅನ್ನೋ ಮಾನ್ಯ ಜರ್ನಲ್‌ಗಳ ಪಟ್ಟಿ ಅಂತ ಓಡಾಡಿಸಿದ್ರು, 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ರು. ಕಾಲೇಜು-ವಿವಿಗಳಿಗೆ ಕೇಂದ್ರ ಸರ್ಕಾರ ಕೊಡೋ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಪ್ರಕಟಣೆ ಲೆಕ್ಕ ಹಾಕೋದು ಸ್ಕೋಪಸ್, ವೆಬ್ ಆಫ್ ಸೈನ್ಸ್‌ನಿಂದ. ಹಾಗಾಗಿ ರ‍್ಯಾಂಕಿಂಗ್ ಮೀಟಿಂಗ್‌ನಲ್ಲಿ ನಮಗೆ ಕಾಫಿ ಮಾತ್ರ.

ಕಣಭೌತ
ಸಾರ್, ಎಣಿಕೆಗೆ ಸಿಗೋದಷ್ಟೇ ಪ್ರಭಾವ ಅಂದ್ರೆ ರಾಮನ್ ಅವರಿಗೂ ಅನ್ಯಾಯ. 1928ರಲ್ಲಿ ಅವರು ಕೆ.ಎಸ್. ಕೃಷ್ಣನ್ ಜೊತೆ ‘ನೇಚರ್’ಗೆ ಬರೆದದ್ದನ್ನು ಇವತ್ತು ರಾಮನ್ ಸ್ಪೆಕ್ಟ್ರಮ್ ತೆಗೆಯೋ ಎಷ್ಟು ಜನ ಉಲ್ಲೇಖಿಸ್ತಾರೆ? ಹೆಸರೇ ವಿಧಾನದ ಹೆಸರಾಗಿಬಿಟ್ರೆ ಸೈಟೇಶನ್ ಬರೋದು ನಿಲ್ಲುತ್ತೆ.

ಹಳೇಪ್ರತಿ
ರಾಮನ್‌ಗೆ ನೊಬೆಲ್ ಆದ್ರೂ ಸಿಕ್ತು. ಇರಲಿ, ನೀವು ಮುಂದುವರಿಸಿ.

ಕತ್ರಿಗುಪ್ಪೆ_ಸ್ಕಾಲರ್
ಟ್ಯಾಬ್ ಹಾಕಿದೆ, ‘ರಂಗಪ್ಪ ಕೆ.ಟಿ.’ ಮತ್ತು ‘ಕೆ.ಟಿ. ಆರ್.’ ಒಂದಾಯ್ತು! ತುಂಬಾ ಥ್ಯಾಂಕ್ಸ್. ಈಗ ಎಚ್-ಇಂಡೆಕ್ಸ್ ಹೇಳಿ. ಸ್ಕೋಪಸ್‌ನಲ್ಲಿ ಎರಡು ಪ್ರೊಫೈಲ್ ಇವೆ, ಒಂದರಲ್ಲಿ 4, ಇನ್ನೊಂದರಲ್ಲಿ 3. ಒಟ್ಟು 7 ಅಂತ ಸ್ಲೈಡ್‌ನಲ್ಲಿ ಹಾಕಲಾ?

ಗ್ರಂಥಪಾಲಕಿ
ಅಯ್ಯೋ ಬೇಡ! ಎಚ್-ಇಂಡೆಕ್ಸ್ ಕೂಡಿಸೋ ಸಂಖ್ಯೆ ಅಲ್ಲ. ಹಿರ್ಷ್ 2005ರಲ್ಲಿ ಹೇಳಿದ ವ್ಯಾಖ್ಯೆ ಇಷ್ಟೇ: ತಲಾ ಕನಿಷ್ಠ h ಸೈಟೇಶನ್ ಇರುವ h ಪೇಪರ್‌ಗಳು. ಒಂದು ಪ್ರೊಫೈಲ್‌ನ ಸೈಟೇಶನ್ 12, 9, 6, 4, 2 ಅಂತ ಇಟ್ಕೊಳ್ಳಿ, ಎಚ್ 4. ಇನ್ನೊಂದರದ್ದು 8, 7, 5, 3, 1, ಎಚ್ 3. ಎರಡನ್ನೂ ಸೇರಿಸಿ ಇಳಿಕೆ ಕ್ರಮದಲ್ಲಿ ಬರೆದರೆ 12, 9, 8, 7, 6, 5, 4, 3, 2, 1. ಐದನೇ ಪೇಪರ್‌ಗೆ 6 ಇದೆ, ಸರಿ. ಆರನೇದಕ್ಕೆ 5 ಮಾತ್ರ, ಅಲ್ಲಿಗೆ ನಿಲ್ಲುತ್ತೆ. ಒಟ್ಟು ಎಚ್ 5.

ಗೂಗಲ್ ಸ್ಕಾಲರ್ ಜಾಸ್ತಿ ತೋರಿಸೋದು ಸಹಜ. ಅದು ಪಿಎಚ್.ಡಿ. ಪ್ರಬಂಧ, ಪ್ರಿಪ್ರಿಂಟ್, ವೆಬ್‌ನಲ್ಲಿರೋ ಪಿಡಿಎಫ್ ಎಲ್ಲದರಿಂದಲೂ ಎಣಿಸುತ್ತೆ. ಸ್ಕೋಪಸ್ ಆಯ್ದ ಮೂಲಗಳಿಂದ ಮಾತ್ರ. ‘ಯಾವುದು ಸರಿ’ ಅಂತ ಕೇಳಬೇಡಿ, ಸ್ಲೈಡ್‌ನಲ್ಲಿ ಸಂಖ್ಯೆ ಪಕ್ಕ ಮೂಲ ಮತ್ತು ದಿನಾಂಕ ಹಾಕಿ. ಪ್ರೊಫೈಲ್ ಸೇರಿಸೋಕೆ ಸ್ಕೋಪಸ್‌ನಲ್ಲೇ ಲೇಖಕರು ಕೋರಿಕೆ ಕಳಿಸಬಹುದು, ಸೋಮವಾರದೊಳಗೆ ಆಗುತ್ತೆ ಅಂತ ನಂಬಬೇಡಿ. ಆರ್ಕಿಡ್ ಐಡಿ, ಅಂದ್ರೆ ಒಬ್ಬೊಬ್ಬ ಲೇಖಕರಿಗೂ ಕೊಡೋ ಗುರುತು ಸಂಖ್ಯೆ, ಇದ್ಯಾ ಅವರಿಗೆ?

ಎಸ್ಪಿರೋಡ್_ರಾಜ
ಅದೇ ಹತ್ತು ಪೇಪರ್‌ಗೆ ಜಿ-ಇಂಡೆಕ್ಸ್ 7 ಬರುತ್ತೆ ನೋಡಿ! ಮೊದಲ g ಪೇಪರ್‌ಗಳ ಸೈಟೇಶನ್ ಮೊತ್ತ g ವರ್ಗಕ್ಕಿಂತ ಕಡಿಮೆ ಆಗಬಾರದು, ಅಷ್ಟೇ: ಮೊದಲ ಏಳರ ಮೊತ್ತ 51, ಏಳರ ವರ್ಗ 49. ಗೈಡ್‌ಗೆ 7 ಬೇಕೇ ಬೇಕು ಅಂದ್ರೆ ದಾರಿ ಇದೆ ಗುರು 😎

ಗ್ರಂಥಪಾಲಕಿ
ರಾಜ, ಹುಡುಗನ ದಾರಿ ತಪ್ಪಿಸಬೇಡ.

ಕತ್ರಿಗುಪ್ಪೆ_ಸ್ಕಾಲರ್
ಆರ್ಕಿಡ್ ಇದೆ ಮೇಡಂ, ಒಳಗೆ ಏನೂ ಇಲ್ಲ. ಯಾವುದೋ ಜರ್ನಲ್ ಕೇಳ್ತು ಅಂತ ಮಾಡಿಸಿದ್ದಂತೆ. ‘ರಂಗಪ್ಪ ಕೆ.’ ಅನ್ನೂ ಥಿಸಾರಸ್‌ಗೆ ಸೇರಿಸಿ ಮುಗಿಸ್ಲಾ?

ಕಣಭೌತ
ತಡೀರಿ! ಅದು ಒಂಟಿಯಾಗಿ ಕೂತಿದ್ದು ಅಂದ್ರಲ್ಲ. ನಿಮ್ಮ ಗೈಡ್‌ನ ಯಾವ ಸಹ-ಲೇಖಕರ ಜೊತೆಗೂ ಗೆರೆ ಇಲ್ಲ ಅಂದ್ರೆ ಅದು ಅವರೇ ಅಂತ ಹೇಗೆ ಗೊತ್ತು? ಪೇಪರ್ ತೆಗೆದು ವಿಭಾಗ, ಊರು, ವಿಷಯ ನೋಡಿ. ಊರು ನೋಡುವಾಗ ‘ಬ್ಯಾಂಗಲೋರ್’ ಮತ್ತು ‘ಬೆಂಗಳೂರು’ ಎರಡೂ ಹುಡುಕಿ, 2014ರ ನವೆಂಬರ್‌ಗೆ ಮುಂಚಿನವು ಹೆಚ್ಚಾಗಿ ಹಳೇ ಸ್ಪೆಲ್ಲಿಂಗ್‌ನಲ್ಲಿ ಇರುತ್ತವೆ. ಫೈಲ್ ಓದಿಸುವಾಗ ‘ಮೊದಲ ಹೆಸರನ್ನು ಇನಿಷಿಯಲ್ ಮಾಡು’ ಅನ್ನೋ ಟಿಕ್ ಹಾಕಿದ್ರೆ ಕಿರಣ್ ರಂಗಪ್ಪ, ಕಾವ್ಯ ರಂಗಪ್ಪ ಎಲ್ರೂ ‘ರಂಗಪ್ಪ ಕೆ.’ ಆಗ್ತಾರೆ.

ಕತ್ರಿಗುಪ್ಪೆ_ಸ್ಕಾಲರ್
ಆ ಟಿಕ್ ಹಾಕಿದ್ದೆ. ತೆಗೆದು ನೋಡಿದೆ, ನಾಲ್ಕರಲ್ಲಿ ಎರಡು ಪೇಪರ್ ರೇಷ್ಮೆ ಹುಳುವಿನ ಬಗ್ಗೆ. ನಮ್ಮದು ಕಾಂಕ್ರೀಟ್.

ಹಳೇಪ್ರತಿ
ರೇಷ್ಮೆ ಮೇಲೆ ಕಾಂಕ್ರೀಟ್ ಪ್ರಭಾವ ಅಂತ ಹೊಸ ಶೀರ್ಷಿಕೆ ಕೊಡಿ.

ಗ್ರಂಥಪಾಲಕಿ
ಉಳಿದ ಎರಡು?

ಕತ್ರಿಗುಪ್ಪೆ_ಸ್ಕಾಲರ್
ಕಾಂಕ್ರೀಟೇ, ಕಾನ್ಫರೆನ್ಸ್ ಪೇಪರ್‌ಗಳು. ಗೈಡ್‌ಗೇ ತೋರಿಸಿದೆ. ಒಂದು ನೋಡಿ ‘ಇದು ನಂದಲ್ಲ’ ಅಂದ್ರು. ಇನ್ನೊಂದಕ್ಕೆ ‘ಇದ್ರೂ ಇರಬಹುದು, ಸೈಟೇಶನ್ ಎಷ್ಟಿದೆ?’ ಅಂದ್ರು.

ಎಸ್ಪಿರೋಡ್_ರಾಜ
ಎಷ್ಟಿದೆ?

ಕತ್ರಿಗುಪ್ಪೆ_ಸ್ಕಾಲರ್
ಸೊನ್ನೆ. ಬಿಟ್ಬಿಡು ಅಂದ್ರು.